ದುಡ್ಡು ತಗೊಂಡ್ರೆ ಸೈನ್ ಹಾಕಿದ ಹಾಗೆ

ಮಾನ್ಯ ಸಂಪಾದಕರೇ,

ಮೂಲನಿವಾಸಿಗಳ ಸುದ್ದಿ ಬಂದಾಗೆಲ್ಲ ನಮ್ಮ ಪೇಪರ್‌ಗಳಲ್ಲಿ ಕಾಣ್ಸೋದು ಎರಡೇ ಪದ, ಒಂದು "ಸೌಲಭ್ಯ", ಇನ್ನೊಂದು "ಪರಿಹಾರ". ಅದನ್ನ ಓದಿದವರು ಕೇಳೋದೂ ಒಂದೇ, ಸರ್ಕಾರ ಇಷ್ಟೆಲ್ಲ ಕೊಡ್ತಿರುವಾಗ ಇವ್ರಿಗೆ ಇನ್ನೇನ್ ಬೇಕಂತೆ? ಸಿಟ್ಟು ಮಾಡ್ಕೊಳ್ಳೋ ಬದ್ಲು ಒಂದು ಕೇಸಿನ ಕಥೆ ಹೇಳ್ತೀನಿ, ಜಾಗ ಇದ್ರೆ ಹಾಕಿ.

ಅಮೆರಿಕದ ಬ್ಲ್ಯಾಕ್ ಹಿಲ್ಸ್ ಹೆಸರು ಕೇಳಿಲ್ಲ ಅಂದ್ರೂ ಬಂಡೇಲಿ ನಾಲ್ಕು ಜನ ಪ್ರೆಸಿಡೆಂಟ್‌ಗಳ ಮುಖ ಕೆತ್ತಿರೋ ಮೌಂಟ್ ರಶ್ಮೋರ್ ಫೋಟೋ ಎಲ್ರೂ ನೋಡಿರ್ತೀರ, ಆ ಮುಖಗಳಿರೋದು ಅದೇ ಬೆಟ್ಟಗಳಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನಕ್ಕೆ ಅದು ಪವಿತ್ರ ಜಾಗ. 1868ರಲ್ಲಿ ಫೋರ್ಟ್ ಲಾರಮಿಲಿ ಅಮೆರಿಕ ಸರ್ಕಾರನೇ ಕೂತು ಮಾಡ್ಕೊಂಡ ಒಪ್ಪಂದದ ಪ್ರಕಾರ ಆ ನೆಲ ಅವ್ರದ್ದು. ಅದ್ರಲ್ಲೊಂದು ಷರತ್ತಿತ್ತು, ಮುಂದೆ ಆ ನೆಲದಲ್ಲಿ ಯಾವ ಭಾಗ ಬಿಟ್ಕೊಡ್ಬೇಕಾದ್ರೂ ಅಲ್ಲಿನ ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸೈನ್ ಹಾಕ್ಬೇಕು (ಹೆಂಗಸರ ಸೈನ್ ಯಾರೂ ಕೇಳ್ಲಿಲ್ಲ, ಅದು ಬೇರೆ ಕಥೆ). 1874ರಲ್ಲಿ ಕಸ್ಟರ್ ಅನ್ನೋ ಸೇನಾಧಿಕಾರಿ ತಂಡಕ್ಕೆ ಅಲ್ಲಿ ಚಿನ್ನ ಕಾಣ್ತು, ಅಲ್ಲಿಗೆ ಒಪ್ಪಂದದ ಆಯಸ್ಸು ಮುಗೀತು. ಬೆಟ್ಟ ಬಿಟ್ಕೊಡದಿದ್ರೆ ರೇಷನ್ ಇಲ್ಲ ಅಂತ ಹೊಟ್ಟೆಗೇ ಕೈ ಹಾಕಿದ್ರು. ಅಷ್ಟಾದ್ರೂ ಸೈನ್ ಹಾಕಿದವರು ಹತ್ತರಲ್ಲಿ ಒಬ್ರು. ಅದನ್ನೇ ಇಟ್ಕೊಂಡು 1877ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಬೆಟ್ಟ ತಗೊಂಡ್ಬಿಡ್ತು.

ಕೋರ್ಟಿಗೆ ಹೋಗ್ಬೋದಿತ್ತಲ್ಲ ಅಂದ್ರೆ, ಹಂಗೆ ಹೋಗೋಕೂ ಸಂಸತ್ತು ಪ್ರತ್ಯೇಕ ಕಾನೂನು ಮಾಡಿ ಬಾಗಿಲು ತೆರೀಬೇಕಿತ್ತು, ಅದು ತೆರೆದಿದ್ದು 1920ರಲ್ಲಿ. 1923ರಲ್ಲಿ ಕೇಸ್ ಹಾಕಿದ್ರು, ಅದು ಬಿದ್ದೋಯ್ತು, ಮತ್ತೆ ಬೇರೆ ದಾರೀಲಿ ಎದ್ದು ನಿಂತು ಕೊನೆಗೆ 1980ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಇವ್ರ ಪರ ತೀರ್ಪು ಕೊಡ್ತು. 1877ರ ಬೆಲೆ 1.71 ಕೋಟಿ ಡಾಲರ್, ಅದಕ್ಕೆ ಅಲ್ಲಿಂದ ಇಲ್ಲಿ ತನಕ ಬಡ್ಡಿ, ಎಲ್ಲ ಸೇರಿ 10 ಕೋಟಿ ಡಾಲರ್ ಮೇಲೆ. ಲಕೋಟಾದವರು ಏನಂದ್ರು ಗೊತ್ತಾ? ಬೇಡ ಅಂದ್ರು. ಬೆಟ್ಟ ಮಾರಾಟಕ್ಕಿಲ್ಲ ಅಂದ್ರು. ಆ ದುಡ್ಡು ಸರ್ಕಾರದ ಖಾತೇಲಿ ಹಂಗೇ ಬೆಳೀತಾ ಬೆಳೀತಾ 100 ಕೋಟಿ ಡಾಲರ್ ದಾಟಿದೆ, ಇನ್ನೂ ಮುಟ್ಟಿಲ್ಲ. ಹಾಗಂತ ಅವ್ರು ಸುಖವಾಗಿದಾರೆ ಅನ್ಕೋಬೇಡಿ, ಲಕೋಟಾ ಜನ ಇರೋ ಪೈನ್ ರಿಡ್ಜ್ ಅಮೆರಿಕದ ಅತಿ ಬಡ ಪ್ರದೇಶಗಳಲ್ಲಿ ಒಂದು.

ಹಠಮಾರಿಗಳು ಅಂತೀವಿ ನಾವು. ಆದ್ರೆ ನಿಮ್ಮ ಜಮೀನಿಗೆ ಯಾರೋ ಬೇಲಿ ಹಾಕ್ಕೊಂಡು, ನೂರು ವರ್ಷ ಅನುಭವಿಸಿ, ಆಮೇಲೆ ಬಂದು ಇಗೋ ದುಡ್ಡು ಅಂತ ಕೈಗಿಟ್ರೆ, ಅದನ್ನ ತಗೊಳ್ಳೋದು ಅಂದ್ರೆ ಕ್ರಯಪತ್ರಕ್ಕೆ ಈಗ ಸೈನ್ ಹಾಕಿದ ಹಾಗೇ ತಾನೇ? ಪರಿಹಾರ ಕೊಡೋನು ಕದ್ದೆ ಅಂತ ಹೇಳಲ್ಲ, ಕೊಂಡೆ ಅಂತ ಹೇಳ್ತಾನೆ.

ಇದಕ್ಕೆಲ್ಲ ಬೇರು ಇನ್ನೂ ಹಿಂದಿದೆ. 1823ರಲ್ಲಿ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕೊಟ್ಟ ತೀರ್ಪು ನೋಡಿ, ಯುರೋಪಿನವರು "ಕಂಡುಹಿಡಿದ" ನೆಲದ ಒಡೆತನ ಕಂಡುಹಿಡಿದವರಿಗೆ, ಅಲ್ಲೇ ಇದ್ದವರಿಗೆ ವಾಸ ಮಾಡೋ ಹಕ್ಕು ಮಾತ್ರ. ಮನೆ ಮಾಲೀಕ ಒಂದೇ ತೀರ್ಪಲ್ಲಿ ಬಾಡಿಗೆದಾರ ಆಗೋದ! ಈ ವಾದಕ್ಕೆ ಬುನಾದಿ ಹಾಕಿದ್ದು 15ನೇ ಶತಮಾನದ ಪೋಪ್ ಆಜ್ಞೆಗಳು, ಆ ಸಿದ್ಧಾಂತ ನಮ್ದಲ್ಲ ಅಂತ ವ್ಯಾಟಿಕನ್ ಕೈ ತೊಳ್ಕೊಂಡಿದ್ದು 2023ರಲ್ಲಿ. ಅಮೆರಿಕದ ಕೋರ್ಟುಗಳು ಅಷ್ಟೂ ಮಾಡಿಲ್ಲ, 2005ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟ್ ಒನೈಡಾ ಅನ್ನೋ ಇನ್ನೊಂದು ಮೂಲನಿವಾಸಿ ಜನರ ಕೇಸಲ್ಲಿ ಅಡಿಟಿಪ್ಪಣೀಲಿ ಅದೇ ಸಿದ್ಧಾಂತ ತಂದಿದೆ. ಆಸ್ಟ್ರೇಲಿಯಾದಲ್ಲಿ ಕೋರ್ಟು ಯಾರಿಗೂ ಸೇರದ ನೆಲ ಅನ್ನೋ ಸುಳ್ಳನ್ನ ಬಿಟ್ಟಿದ್ದು 1992ರ ಜೂನ್ 3ಕ್ಕೆ, ಆ ಕೇಸಿಗಾಗಿ ಹತ್ತು ವರ್ಷ ಓಡಾಡಿದ ಅಲ್ಲಿನ ಮೂಲನಿವಾಸಿ ಎಡ್ಡಿ ಮಾಬೊ ಅದೇ ವರ್ಷ ಜನವರೀಲಿ ತೀರ್ಕೊಂಡಿದ್ರು.

ಇನ್ನು ಮೂಲನಿವಾಸಿಗಳಿಗೆ ಸಾರ್ವಭೌಮತ್ವ (ತಮ್ಮನ್ನ ತಾವೇ ಆಳ್ಕೊಳ್ಳೋ ಹಕ್ಕು) ಅಂದ ತಕ್ಷಣ ದೇಶ ಒಡೀತಾರೆ ಅಂತ ಹೆದ್ರೋರು ಇದಾರೆ. ಅಮೆರಿಕದಲ್ಲಿ ಸರ್ಕಾರನೇ ಮಾನ್ಯ ಮಾಡಿರೋ ಬುಡಕಟ್ಟು ಸರ್ಕಾರಗಳು 500ಕ್ಕೂ ಹೆಚ್ಚಿವೆ, ಎಷ್ಟೋ ಕಡೆ ಸ್ವಂತ ಕೋರ್ಟು, ಪೊಲೀಸು ಇದೆ, ದೇಶ ಒಡೆದಿಲ್ಲ. ತೊಂದ್ರೆ ಆಗಿದ್ದು ಆ ಅಧಿಕಾರ ಕಿತ್ಕೊಂಡಾಗ. 1978ರ ಒಂದು ತೀರ್ಪಿಂದ ಹೊರಗಿನವರು ಅವ್ರ ನೆಲದಲ್ಲಿ ಅಪರಾಧ ಮಾಡಿದ್ರೆ ಅವ್ರ ಕೋರ್ಟು ವಿಚಾರಣೆ ಮಾಡೋ ಹಾಗಿಲ್ಲ ಅಂತ ಆಯ್ತು. ಹೊರಗಿನ ಗಂಡ ಬುಡಕಟ್ಟಿನ ಹೆಂಡ್ತೀನ ಹೊಡೆದ್ರೆ ಪಕ್ಕದಲ್ಲೇ ಇರೋ ಕೋರ್ಟಿಗೆ ಅವ್ನನ್ನ ಶಿಕ್ಷಿಸೋ ಅಧಿಕಾರ ಇರ್ಲಿಲ್ಲ, ದೂರದ ಫೆಡರಲ್ (ಕೇಂದ್ರ ಸರ್ಕಾರದ) ವಕೀಲರು ಮನಸ್ಸು ಮಾಡ್ಬೇಕಿತ್ತು. ಇದನ್ನ ಸ್ವಲ್ಪ ಸರಿ ಮಾಡೋಕೆ 2013ರ ತನಕ ಕಾಯ್ಬೇಕಾಯ್ತು. ಸಾರ್ವಭೌಮತ್ವ ಅನ್ನೋದು ಬಾವುಟದ ವಿಷಯ ಅನ್ಕೊಂಡವರಿಗೆ ಈ ಹೆಂಗಸರ ಪರಿಸ್ಥಿತಿ ಗೊತ್ತಿಲ್ಲ.

2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಒಪ್ತು, 144 ದೇಶ ಪರ, ವಿರೋಧ ಹಾಕಿದ್ದು ನಾಲ್ಕೇ, ಅಮೆರಿಕ ಕೆನಡಾ ಆಸ್ಟ್ರೇಲಿಯಾ ನ್ಯೂಜಿಲೆಂಡ್, ಯಾರ್ಯಾರು ಅಂತ ಆಶ್ಚರ್ಯ ಆಗ್ಬೇಕಾಗಿಲ್ಲ. ಆಮೇಲೆ ನಾಲ್ಕೂ ಮನಸ್ಸು ಬದಲಾಯಿಸಿದ್ವು. ಅದ್ರ ಜೀವ ಇರೋದು ಒಂದು ಮಾತಲ್ಲಿ, ಮುಂಚೆನೇ ತಿಳಿಸಿ, ಒತ್ತಾಯ ಇಲ್ದೆ ಒಪ್ಪಿಗೆ ತಗೊಳ್ಳಿ. ಭಾರತನೂ ಪರವಾಗಿ ಓಟ್ ಹಾಕ್ತು, ಜೊತೆಗೆ ನಮ್ಮಲ್ಲಿ ಎಲ್ರೂ ಮೂಲನಿವಾಸಿಗಳೇ ಅನ್ನೋ ಮಾತೂ ಸೇರಿಸ್ತು. ಆದ್ರೂ ಆ ಒಪ್ಪಿಗೆ ನಿಜವಾಗಿ ಕೇಳಿದ್ರೆ ಏನಾಗುತ್ತೆ ಅಂತ ತೋರ್ಸಿದ್ದು ಒಡಿಶಾದ ನಿಯಮಗಿರಿ ಬೆಟ್ಟದ ಜನ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನ ಕೇಳಿ ಅಂತು, ಬಾಕ್ಸೈಟ್ ಗಣಿ ಬೇಕಾ ಬೇಡ್ವಾ ಅಂತ 12 ಹಳ್ಳೀಲಿ ಸಭೆ ಸೇರಿದ್ರು, ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದ್ವು.

ನನ್ನ ವಿನಂತಿ ಸಣ್ಣದು ಸಂಪಾದಕರೇ, ಮುಂದಿನ ಸಲ ಇಂಥ ಸುದ್ದಿ ಹಾಕೋವಾಗ ಎಷ್ಟು ಕೋಟಿ ಪರಿಹಾರ ಅಂತ ಹೆಡ್ಡಿಂಗ್ ಕೊಡೋ ಮುಂಚೆ, ಆ ನೆಲದ ಬಗ್ಗೆ ಯಾವ ವರ್ಷ ಏನಂತ ಒಪ್ಪಂದ ಆಗಿತ್ತು, ಅದನ್ನ ಮೊದ್ಲು ಮುರಿದವರು ಯಾರು, ಇಷ್ಟನ್ನ ಮೊದಲ ಸಾಲಲ್ಲಿ ಬರೀರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ