ಬೇಳೆ ಮಿಲ್ಲಿನ ಹಳೆ ಮೋಟರ್ ಬದಲಿಸಲು ನೆರವಾಗಲಿ

ಮಾನ್ಯ ಸಂಪಾದಕರೆ,

ಕಲಬುರಗಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ; ಸುಟ್ಟ ತಂತಿ ಸುರುಳಿ (ಕಾಯಿಲ್) ತೆಗೆದು ಹೊಸದು ಸುತ್ತುವ ಕೆಲಸ. ಗಿರಾಕಿಗಳು ಹೆಚ್ಚಾಗಿ ತೊಗರಿ ಬೇಳೆ ಮಿಲ್ಲಿನವರು. ಮೋಟರ್ ಸುಟ್ಟರೆ ‘ಅದನ್ನೇ ಸುತ್ತಿಕೊಡ್ರಿ’ ಎನ್ನುತ್ತಾರೆ. ನನ್ನ ಹೊಟ್ಟೆಪಾಡೇ ಅದು; ಆದರೂ ಹೇಳಬೇಕಾದ್ದು ಹೇಳುತ್ತೇನೆ. ಅನೇಕ ಕಡೆ ಸುಟ್ಟ ಕಾಯಿಲ್ ತೆಗೆಯಲು, ಅದು ಕೂತಿರುವ ಉಕ್ಕಿನ ಕೋರ್‌ಗೆ ಬೆಂಕಿ ಹಿಡಿಯುತ್ತಾರೆ. ಆಗ ಕೋರ್‌ನ ತೆಳು ಪದರಗಳ ನಡುವಿನ ಇನ್ಸುಲೇಷನ್ ಕೆಡುತ್ತದೆ. ಮೋಟರ್ ತಿರುಗುತ್ತದೆ ನಿಜ, ಕರೆಂಟ್ ಮಾತ್ರ ಹೆಚ್ಚು ತಿನ್ನುತ್ತದೆ.

ಹಳೆಯದನ್ನು ಬದಲಿಸಿ, 10 ಎಚ್‌ಪಿ ಮೋಟರಿನ ದಕ್ಷತೆ ಶೇ 84ರಿಂದ 90ಕ್ಕೆ ಏರಿದರೆ, ಪೂರ್ಣ ಲೋಡಿನಲ್ಲಿ 10 ತಾಸಿಗೆ ಸುಮಾರು 6 ಯೂನಿಟ್ ಉಳಿಯುತ್ತದೆ. ವರ್ಷಕ್ಕೆ 300 ದಿನ ಓಡಿದರೆ 1,800 ಯೂನಿಟ್. ಅಷ್ಟು ವಿದ್ಯುತ್ತಿಗೆ ಉಷ್ಣ ಸ್ಥಾವರದಲ್ಲಿ ಒಂದು ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಉರಿಯಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ಪಕ್ಕದ ರಾಯಚೂರು ಸ್ಥಾವರಕ್ಕೂ ಅದು ಹೊರರಾಜ್ಯದಿಂದ ಬರಬೇಕು. ದುಡ್ಡು ಅತ್ತ, ಹಾರುಬೂದಿ ಇತ್ತ!

2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಎಲ್ಲರೂ ಸಂಭ್ರಮಿಸಿದೆವು. ಅದನ್ನು ಒಡೆಯುವ ಯಂತ್ರದ ಕಡೆ ಯಾರೂ ನೋಡಲಿಲ್ಲ. ಸಣ್ಣ ಮಿಲ್ಲಿನವರಿಗೆ ಕಡಿಮೆ ಕರೆಂಟ್ ತಿನ್ನುವ ಐಇ3 ದರ್ಜೆಯ ಮೋಟರ್ ಒಮ್ಮೆಲೇ ಕೊಳ್ಳುವುದು ಭಾರ. ಕರೆಂಟ್ ಬಿಲ್ಲಿನಲ್ಲಿ ಉಳಿದ ದುಡ್ಡಿನಿಂದಲೇ ಕಂತು ಕಟ್ಟುವಂಥ ಸಾಲವನ್ನು ಸರ್ಕಾರ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಕೊಡಿಸಲಿ. ಜೊತೆಗೆ ನಮ್ಮಂಥ ರಿವೈಂಡಿಂಗ್‌ನವರಿಗೆ, ಕೋರ್ ಕೆಡದಂತೆ ಕಾಯಿಲ್ ತೆಗೆಯುವ ತರಬೇತಿಯನ್ನೂ ನೀಡಲಿ.

– ಮೋಟರ್ ರಿವೈಂಡಿಂಗ್ ಮೇಸ್ತ್ರಿ, ಕಲಬುರಗಿ