ಸಮಿತಿಗೆ ಹೆಸರು ಬರೆಯುವ ಮುನ್ನ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಳೆದ ತಿಂಗಳು ನಮ್ಮ ಓಣಿಗೆ ಬಂದಿದ್ದ ತಾವು, ಬಡಾವಣೆಯ ಸುಧಾರಣೆಯನ್ನೂ ಅಪರಾಧ ತಡೆಯನ್ನೂ ಒಟ್ಟಿಗೆ ನೋಡಿಕೊಳ್ಳುವ ಒಂದು ಸಮಿತಿ ಮಾಡೋಣ, ಮುಂದಾಳುಗಳ ಹೆಸರು ಕೊಡಿ ಎಂದು ಹೇಳಿ ಹೋದಿರಿ. ಅಂದು ಸಂಜೆಯೇ ಪಟ್ಟಿ ಸಿದ್ಧವಾಯಿತು. ಅದರಲ್ಲಿರುವವರೆಲ್ಲ ನನಗೆ ಪರಿಚಿತರೇ. ಗಣೇಶ ಹಬ್ಬಕ್ಕೂ ಮೊಹರಂಗೂ ಮೊದಲು ನಡೆಯುವ ಶಾಂತಿ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿಯುವವರೇ ಇಲ್ಲಿಯೂ ಇದ್ದಾರೆ. ಅವರ ಮೇಲೆ ನನಗೆ ವೈಯಕ್ತಿಕ ದೂರೇನೂ ಇಲ್ಲ. ಆದರೆ ಓಣಿಯ ದೀಪ ಆರಿದ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ, ಏಕೆಂದರೆ ಕತ್ತಲಾದ ಮೇಲೆ ಅವರು ಆ ದಾರಿಯಲ್ಲಿ ನಡೆದು ಹೋಗುವುದಿಲ್ಲ.

ನಡೆದು ಹೋಗುವವರು ಬೇರೆ ಇದ್ದಾರೆ. ನಮ್ಮ ಓಣಿಯ ಮೂಲೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಅಕ್ಕ ನಸುಕಿನ ನಾಲ್ಕಕ್ಕೆ ಒಲೆ ಹಚ್ಚುತ್ತಾರೆ. ಅವರ ಅಂಗಡಿಯ ಬಾಗಿಲ ಒಳಮೈಯಲ್ಲಿ ಇದ್ದಿಲಿನಿಂದ ಬರೆದ ಮೂರು ಫೋನ್ ನಂಬರುಗಳಿವೆ: ಬೀದಿ ದೀಪ ರಿಪೇರಿಯವರದು, ನೀರು ಬಿಡುವವರದು, ಬೀಟ್ ಪೊಲೀಸರದು. ಮೊದಲ ಎರಡು ನಂಬರುಗಳು ವರ್ಷಗಳಿಂದ ಹಾಗೆಯೇ ಇವೆ. ಮೂರನೆಯದನ್ನು ನಾಲ್ಕು ಸಲ ಅಳಿಸಿ ಬರೆದ ಕಲೆ ಕಾಣುತ್ತದೆ. ಒಬ್ಬ ಕಾನ್‌ಸ್ಟೇಬಲ್ ಓಣಿಯ ಮುಖಗಳನ್ನು ಗುರುತಿಸುವಷ್ಟರಲ್ಲಿ ಅವರಿಗೆ ಬೇರೆ ಬೀಟ್ ಸಿಕ್ಕಿರುತ್ತದೆ. ಶಾಲೆಯ ಹಿಂದಿನ ರಸ್ತೆಯ ದೀಪ ಹತ್ತೊಂಬತ್ತು ದಿನ ಆರಿದ್ದಾಗ, ಆ ಕತ್ತಲಲ್ಲಿ ಇಬ್ಬರ ಮೊಬೈಲ್ ಕಿತ್ತುಕೊಂಡು ಹೋದಾಗ, ಒಂದು ಕಚೇರಿಯವರು ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತಿದ್ದರೂ ಬೆನ್ನು ಬಿಡದೆ ತಿರುಗಿದವರು ಈ ಅಕ್ಕನೇ. "ಲೈಟ್ ಹತ್ತಲ್ಲಂದ್ರ ಹುಡುಗ್ಯಾರು ಟ್ಯೂಷನ್‌ಗೆ ಹ್ಯಾಂಗ ಹೋಗಬೇಕ್ರಿ?" ಎಂದು ಅವರು ಕೇಳಿದ ಪ್ರಶ್ನೆಗೆ ಆ ದಿನ ಯಾರ ಬಳಿಯೂ ಉತ್ತರವಿರಲಿಲ್ಲ.

ಇನ್ನೊಬ್ಬರು, ಮುಚ್ಚಿಹೋದ ಎಂಎಸ್‌ಕೆ ಬಟ್ಟೆ ಮಿಲ್‌ನಲ್ಲಿ ದುಡಿದಿದ್ದ ಹಿರಿಯರು. ದೂರು ಕೊಡಲು ಫೋನ್ ಮಾಡಿದಾಗಲೆಲ್ಲ "ಯಾವ ಕಂಬ?" ಎಂದು ಕೇಳುತ್ತಿದ್ದರೆಂದು, ಸ್ವಂತ ಖರ್ಚಿನಲ್ಲಿ ಬಿಳಿ ಬಣ್ಣ ತಂದು 34 ಕಂಬಗಳಿಗೂ ನಂಬರು ಬರೆದವರು ಅವರು. ಮೇ ತಿಂಗಳ ಸೆಕೆಗೆ ನಮ್ಮ ಕಲಬುರಗಿಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ, ಕೆಳಗೆ ಕಳ್ಳನಿಗೆ ದಾರಿ ಸಲೀಸು. ಆ ದಿನಗಳಲ್ಲಿ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂರುತ್ತಿದ್ದ ಹುಡುಗರನ್ನೇ ಇಬ್ಬಿಬ್ಬರಂತೆ ಗಸ್ತಿಗೆ ಹಚ್ಚಿದ್ದೂ ಇವರೇ. ಅನುಮಾನದಿಂದ ನೋಡಲ್ಪಡುತ್ತಿದ್ದ ಹುಡುಗರು ಕಾಯುವವರಾದರು. ಸಮಿತಿಯಿಂದ ನಾವು ಬಯಸುವುದು ಇಂಥ ಕೆಲಸವನ್ನೇ ಅಲ್ಲವೇ?

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು, 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಮೂಲಕ ಸಂವಿಧಾನವೇ ಹೇಳಿದೆ. 2011ರ ಜನಗಣತಿಯಲ್ಲಿಯೇ ಐದು ಲಕ್ಷ ದಾಟಿದ್ದ ನಮ್ಮ ನಗರದ 55 ವಾರ್ಡುಗಳಿಗೂ ಅದು ಅನ್ವಯಿಸುತ್ತದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮಕ್ಕೆ ಆಮೇಲೆ ಸೇರಿಸಿದ ಕಲಮುಗಳು ಈ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಜಾಗ ಕೊಟ್ಟಿವೆ. ತಾವು ಶಾಸಕರಾಗಿ ಪಾಲಿಕೆಯ ಸಭೆಯಲ್ಲೂ ಕೂರುವವರು. ಆದ್ದರಿಂದ ತಮ್ಮ ಹೊಸ ಸಮಿತಿಯನ್ನು ವಾರ್ಡ್ ಸಮಿತಿಯ ಅಡಿಯಲ್ಲಿಯೇ ತಂದರೆ, ಅದರ ನಡಾವಳಿಗೆ ಬೆಲೆ ಬರುತ್ತದೆ. ಇಲ್ಲವಾದರೆ ಅದು ಫ್ಲೆಕ್ಸ್‌ನಲ್ಲಿ ಹುಟ್ಟಿ ಫ್ಲೆಕ್ಸ್ ಹರಿಯುವ ಹೊತ್ತಿಗೆ ಮುಗಿಯುತ್ತದೆ.

ಅಮೆರಿಕದ ನ್ಯಾಯ ಇಲಾಖೆ 1991ರಲ್ಲಿ ಇಂಥದೇ ಒಂದು ಕಾರ್ಯಕ್ರಮ ಆರಂಭಿಸಿ ಅದಕ್ಕೆ 'ವೀಡ್ ಅಂಡ್ ಸೀಡ್', ಅಂದರೆ ಕಳೆ ಕೀಳು, ಬೀಜ ಬಿತ್ತು ಎಂದು ಹೆಸರಿಟ್ಟಿತ್ತು. ಪೊಲೀಸರು ಕಳೆ ಕೀಳುವುದು, ಶಾಲೆ, ಉದ್ಯೋಗ, ಮನೆ ರಿಪೇರಿಗಳ ಮೂಲಕ ಬಿತ್ತುವುದು, ಎರಡನ್ನೂ ನಿವಾಸಿಗಳಿರುವ ಸ್ಥಳೀಯ ಸಮಿತಿಯೊಂದು ನಡೆಸುವುದು, ಇದು ಅದರ ಕ್ರಮವಾಗಿತ್ತು. ತೊಗರಿ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ; ಬರೀ ಕಳೆ ಕಿತ್ತು ಬಿತ್ತದೆ ಬಿಟ್ಟ ಹೊಲ ಏನಾಗುತ್ತದೆಂದು ಎಲ್ಲರಿಗೂ ಗೊತ್ತು.

ನನಗಿರುವ ದೊಡ್ಡ ಅಂಜಿಕೆಯನ್ನೂ ಹೇಳಿಬಿಡುತ್ತೇನೆ. ಸಮಿತಿಯ ಸದಸ್ಯರೆಂದರೆ ಠಾಣೆಯ ಖಬರಿಗಳು ಎಂಬ ಮಾತು ಒಮ್ಮೆ ಓಣಿಯಲ್ಲಿ ಹುಟ್ಟಿದರೆ, ಯಾವ ತಾಯಿಯೂ ಮಗನ ಮಟ್ಕಾ ಚಟವನ್ನೋ ಗಾಂಜಾ ಚಟವನ್ನೋ ಅವರ ಮುಂದೆ ಬಾಯಿಬಿಟ್ಟು ಹೇಳಲಾರಳು. ಯಾವ ಹುಡುಗ ಯಾವ ಹುಡುಗಿಯೊಡನೆ ಮಾತಾಡಿದ, ಯಾರ ಮನೆಗೆ ಯಾವ ಧರ್ಮದವರು ಬಂದರು ಎಂದು ಕಾಯುವ ಸಮಿತಿಯಂತೂ ನಮಗೆ ಬೇಡವೇ ಬೇಡ. ಇದನ್ನು ಮೊದಲ ಸಭೆಯ ನಡಾವಳಿಯಲ್ಲಿಯೇ ಬರೆಸಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟು. ಮುಂದಾಳುಗಳ ಹೆಸರನ್ನು ಓಣಿಯ ಸಭೆಯಲ್ಲಿ ಎಲ್ಲರೆದುರು ಕೂಗಿಸಿ, ಅರ್ಧದಷ್ಟಾದರೂ ಮಹಿಳೆಯರಿರಲಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ಕರೆಯದೆ, ದುಡಿಯುವವರು ಮನೆಗೆ ಬಂದ ಮೇಲೆ ರಾತ್ರಿ ಎಂಟಕ್ಕೆ ಓಣಿಯಲ್ಲಿಯೇ ಕರೆಯಿರಿ. ಬೀಟ್ ಕಾನ್‌ಸ್ಟೇಬಲ್ ಕನಿಷ್ಠ ಎರಡು ವರ್ಷ ಅದೇ ಬೀಟ್‌ನಲ್ಲಿರುವಂತೆ ಪೊಲೀಸ್ ಆಯುಕ್ತರೊಡನೆ ಮಾತಾಡಿರಿ. ಸಮಿತಿ ಬರೆದುಕೊಟ್ಟ ದೂರಿಗೆ ಇಷ್ಟು ದಿನದೊಳಗೆ ಲಿಖಿತ ಉತ್ತರ ಬರಬೇಕೆಂದು ಪಾಲಿಕೆಯ ಸಭೆಯಲ್ಲಿ ಗೊತ್ತುವಳಿ ತನ್ನಿರಿ. ಶಾಸಕರ ನಿಧಿಯಿಂದ ದೊಡ್ಡ ಭವನವೇನೂ ಬೇಡ. ಬೀಗ ಬಿದ್ದಿರುವ ಸಮುದಾಯ ಭವನದ ಕೀಲಿ ತೆಗೆಸಿ, ಸಂಜೆ ಮಕ್ಕಳು ಓದಲು ನಾಲ್ಕು ದೀಪ, ಎರಡು ಫ್ಯಾನ್ ಹಾಕಿಸಿದರೆ ಸಾಕು.

ಸದ್ಯ 17ನೇ ಕಂಬದ ದೀಪ ಮತ್ತೆ ಆರಿದೆ. ತಾವು ಬರುವ ದಿನ ಕಾರನ್ನು ದೊಡ್ಡ ರಸ್ತೆಯಲ್ಲಿಯೇ ಬಿಟ್ಟು ಆ ದಾರಿಯಿಂದ ನಡೆದು ಬರಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ, ಕಲಬುರಗಿ