ಶಿಶಿರ್ ಭಾದುರಿಯನ್ನು ರಂಗದ ಮೇಲೆ ಹುಡುಕು

ಗೆಳೆಯಾ,

ಬಂಗಾಳಿ ರಂಗನಟ, ನಿರ್ದೇಶಕ ಶಿಶಿರ್ ಕುಮಾರ್ ಭಾದುರಿಯವರ ಬಗ್ಗೆ ಓದಬೇಕು ಅಂದಿದ್ದೆಯಲ್ಲ, ದಯವಿಟ್ಟು ಸಿನಿಮಾ ಪಟ್ಟಿಯಿಂದ ಶುರು ಮಾಡಬೇಡ. ‘ಪಲ್ಲಿ ಸಮಾಜ’ (1932), ‘ಸೀತಾ’ (1933), ‘ಚಾಣಕ್ಯ’ (1939) ಅವರೇ ನಿರ್ದೇಶಿಸಿದ ಚಿತ್ರಗಳು, ನಿಜ. ಆದರೆ ಅವರ ಕಸುಬಿನ ತಿರುಳೆಲ್ಲ ಕಲ್ಕತ್ತೆಯ ನಾಟಕಶಾಲೆಗಳಲ್ಲಿದೆ.

ಹುಟ್ಟಿದ್ದು 1889ರಲ್ಲಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಕೆಲಸ ಬಿಟ್ಟು, 1921ರಲ್ಲಿ ಕಲ್ಕತ್ತೆಯ ಮದನ್ ನಾಟಕ ಕಂಪನಿಯ ‘ಆಲಂಗೀರ್’ ನಾಟಕದಲ್ಲಿ ಔರಂಗಜೇಬನಾಗಿ ಬಣ್ಣ ಹಚ್ಚಿದರು. ಎರಡು ವರ್ಷದ ನಂತರ ಈಡನ್ ಗಾರ್ಡನ್ಸ್ ವಸ್ತುಪ್ರದರ್ಶನದಲ್ಲಿ ದ್ವಿಜೇಂದ್ರಲಾಲ್ ರಾಯ್ ಅವರ ‘ಸೀತಾ’ ಆಡಿಸಿ ಜನರನ್ನು ಗೆದ್ದರು. ಅದನ್ನೇ ಸ್ವಂತ ತಂಡದಿಂದ ಆಡಿಸಬೇಕು ಅನ್ನುವಷ್ಟರಲ್ಲಿ ಪೈಪೋಟಿಯ ಆರ್ಟ್ ಥಿಯೇಟರ್‌ನವರು ಹಕ್ಕು ಕೊಂಡುಬಿಟ್ಟರು. ಭಾದುರಿ ಕೈಚೆಲ್ಲಲಿಲ್ಲ. ಯೋಗೇಶ್ ಚೌಧುರಿಯವರಿಂದ ಅದೇ ವಸ್ತುವಿನ ಹೊಸ ನಾಟಕ ಬರೆಸಿ, 1924ರ ಆಗಸ್ಟ್‌ನಲ್ಲಿ ಮನಮೋಹನ್ ಥಿಯೇಟರಿನಲ್ಲಿ ರಂಗಕ್ಕೆ ತಂದರು.

ಇಲ್ಲಿ ಸ್ವಲ್ಪ ನಿಂತು ನೋಡು. ನಮ್ಮ ಕಂಪನಿ ನಾಟಕಗಳ ಹಾಗೆ ಅಲ್ಲೂ ಅರಮನೆ, ಕಾಡು, ಬೀದಿ ಎಲ್ಲ ಬಣ್ಣ ಬಳಿದ ಪರದೆಗಳೇ. ನಟ ಬಾಗಿಲಿನ ಚಿತ್ರದ ಮುಂದೆ ನಿಲ್ಲಬಹುದು, ಆದರೆ ಅದರೊಳಗಿಂದ ಬರಲಾರ. ಭಾದುರಿ ಪರದೆ ಬಿಟ್ಟು, ಚಾರು ರಾಯ್ ಅವರ ವಿನ್ಯಾಸದಲ್ಲಿ ಕಟ್ಟಿ ನಿಲ್ಲಿಸಿದ ರಂಗಸಜ್ಜಿಕೆ ತಂದರು. ರಂಗದ ಅಂಚಿನ ದೀಪದ ಸಾಲನ್ನೂ ತೆಗೆಸಿದರು. ಬೆಳಕು ಕೆಳಗಿನಿಂದ ಬಿದ್ದರೆ ಮೂಗು, ಹುಬ್ಬುಗಳ ನೆರಳು ಮೇಲಕ್ಕೆ ಹರಿದು ಮುಖದ ಸೂಕ್ಷ್ಮ ಭಾವ ಕಾಣುವುದೇ ಇಲ್ಲ. ಶುರುವಿನಲ್ಲಿ ಬಾರಿಸುತ್ತಿದ್ದ ಪಾಶ್ಚಾತ್ಯ ವಾದ್ಯಮೇಳದ ಜಾಗಕ್ಕೆ ಶಹನಾಯಿ ಬಂತು. ಹಾಡಿಗೆ ಕೃಷ್ಣಚಂದ್ರ ಡೇ ಇದ್ದರು. ಇದೆಲ್ಲ ಒಂದೇ ನಾಟಕದಲ್ಲಿ! ಬಂಗಾಳದಲ್ಲಿ ನಿರ್ದೇಶಕ ಅನ್ನುವವನಿಗೆ ನಿಜವಾದ ತೂಕ ಬಂದದ್ದು ಈ ‘ಸೀತಾ’ದಿಂದ ಎಂದೇ ನನ್ನ ನಂಬಿಕೆ.

ಅದೇ ನಾಟಕವನ್ನು ನ್ಯೂಯಾರ್ಕಿಗೂ ಒಯ್ದರು. ಅಲ್ಲಿ ಮೊದಲ ಒಪ್ಪಂದ ಮುರಿದುಬಿತ್ತು. ಕೊನೆಗೆ 1931ರ ಜನವರಿಯಲ್ಲಿ ವ್ಯಾಂಡರ್‌ಬಿಲ್ಟ್ ಥಿಯೇಟರಿನಲ್ಲಿ ಆಡಿದರು. ಹಣದ ದೃಷ್ಟಿಯಿಂದ ಅದು ಸೋಲೇ.

1942ರಿಂದ ಕಲ್ಕತ್ತೆಯ ‘ಶ್ರೀರಂಗಂ’ ನಾಟಕಶಾಲೆ ಅವರ ನೆಲೆ. ಬಾಡಿಗೆ ಬಾಕಿ ಬೆಳೆದು 1956ರಲ್ಲಿ ಅದೂ ಕೈಬಿಟ್ಟಿತು. 1959ರಲ್ಲಿ ಬಂದ ಪದ್ಮಭೂಷಣವನ್ನು ಬೇಡವೆಂದರು, ಅದೇ ವರ್ಷ ತೀರಿಕೊಂಡರು. ಇನ್ನೊಂದು ವಿಷಯ: ಎಡಪಂಥೀಯ ರಂಗಸಂಘಟನೆ ಇಪ್ಟಾದವರ (ಭಾರತೀಯ ಜನನಾಟ್ಯ ಸಂಘ) ‘ನವಾನ್ನ’ ನಾಟಕ 1944ರ ಅಕ್ಟೋಬರ್‌ನಲ್ಲಿ ಮೊದಲು ಪ್ರದರ್ಶನಗೊಂಡದ್ದು ಇದೇ ಶ್ರೀರಂಗಂನಲ್ಲಿ. ಮುಂದೆ ಅದರ ನಿರ್ದೇಶಕರಲ್ಲೊಬ್ಬರಾದ ಶಂಭು ಮಿತ್ರರ ಬಗ್ಗೆ ಓದುವಾಗ ಅಲ್ಲಿಂದ ಎಳೆ ಹಿಡಿ.

ಇಂತಿ ನಿನ್ನ,
ಗೆಳೆಯ